ಒಂದೇ ಕುಕಿಯ ಕೇಳುಗರು

ಬಸ್ಸಿನಲ್ಲಿ ಎಷ್ಟು ಜನರಿದ್ದರೆಂದು ಯಾರಾದರೂ ಕೇಳಿದರೆ, "ಡ್ರೈವರ್ ಸೇರಿಸಿಯೋ, ಬಿಟ್ಟೋ?" ಎಂದು ಮರುಪ್ರಶ್ನೆ ಹಾಕುವ ಹೆಣ್ಣು ಅವಳು. ಮನೆಯವರಿಟ್ಟ ಅಡ್ಡಹೆಸರು ತಕ್ಕಡಿ. ಸಾರ್ವಜನಿಕ ಗ್ರಂಥಾಲಯದ ಜಾಲತಾಣವನ್ನು ನೋಡಿಕೊಳ್ಳುವುದು ಅವಳ ಕೆಲಸ. ಅದೇ ಜಾಲತಾಣಕ್ಕಾಗಿ ಅವಳ ಅತ್ತೆ ವಾರಕ್ಕೊಂದು ಕಂತಿನಂತೆ ಕಥೆ ಓದಿ ಧ್ವನಿಮುದ್ರಿಸುತ್ತಿದ್ದರು.

ಜಾಲತಾಣಕ್ಕೆ ಬರುವವರ ಹಳೆಯ ಎಣಿಕೆ ಶುದ್ಧ ಅಸಂಬದ್ಧವಾಗಿತ್ತು. ಪುಟ ತೆರೆದಾಗಲೆಲ್ಲ ಒಬ್ಬ ಹೊಸ ಮನುಷ್ಯ ಹುಟ್ಟುತ್ತಿದ್ದ! ಇಂಥ ಅಂಕಿಯನ್ನು ವಾರ್ಷಿಕ ವರದಿಯಲ್ಲಿ ಅಚ್ಚುಹಾಕಿಸಿದವರಿಗೆ ನಾಚಿಕೆಯಾಗಬೇಕಿತ್ತು. ತಕ್ಕಡಿ ಅದನ್ನು ಕಿತ್ತೊಗೆದು ಕುಕಿಗಳನ್ನು ಅಳವಡಿಸಿದಳು. ಮೊದಲ ಸಲ ಬಂದವರ ಒಪ್ಪಿಗೆ ಪಡೆದು ಅವರ ಬ್ರೌಸರಿನಲ್ಲಿ ಒಂದು ಗುರುತುಸಂಖ್ಯೆಯನ್ನಿಡುವುದು; ಮತ್ತೆ ಬಂದಾಗ ಆ ಗುರುತು ಕಂಡರೆ ಹೊಸಬರೆಂದು ಎಣಿಸದಿರುವುದು.

ತಿಂಗಳ ಕೊನೆಗೆ ಅತ್ತೆಯ ಅರವತ್ತು ಚಿಲ್ಲರೆ ಕೇಳುಗರು ಕರಗಿ ಒಬ್ಬರೇ ಉಳಿದರು.

"ನನ್ನ ಜನಾನೆಲ್ಲ ನುಂಗಿ ನೀರು ಕುಡಿದ್ಯಲ್ಲೇ!" ಎಂದರು ಅತ್ತೆ.

"ಅವರು ಇರಲೇ ಇಲ್ಲ ಅತ್ತೆ."

"ಮತ್ತೆ ಆ ಒಬ್ಬರು ಯಾರು? ಕಿವುಡರೇ ಇರಬೇಕು!"

ಗ್ರಂಥಪಾಲಕರು ನಗಲಿಲ್ಲ. "ಒಬ್ಬರಿಗೋಸ್ಕರ ರೆಕಾರ್ಡಿಂಗ್ ಕೋಣೆ ಇಟ್ಕೊಳ್ಳೋಕಾಗಲ್ಲಮ್ಮ. ಮುಂದಿನ ವಾರದಿಂದ ನಿಲ್ಲಿಸೋಣ."

ಅತ್ತೆ ಕನ್ನಡಕವನ್ನು ಮಡಚಿ ಡಬ್ಬಿಯೊಳಗಿಟ್ಟರು. ಆದರೂ ಅಂಕಿ ತಿದ್ದಲು ತಕ್ಕಡಿಗೆ ಕೈ ಬರಲಿಲ್ಲ. ಉಳಿದ ಆ ಒಬ್ಬರು ಯಾರೆಂದು ಹುಡುಕೋಣವೆಂದರೆ ಕುಕಿಗೆ ಹೆಸರು ವಿಳಾಸ ತಿಳಿಯದು. ಆದ್ದರಿಂದ ಕಥೆಯ ಪುಟದಲ್ಲಿ 'ಕೇಳುತ್ತಿರುವವರು ದಯವಿಟ್ಟು ಕರೆ ಮಾಡಿ' ಎಂದು ಗ್ರಂಥಾಲಯದ ಫೋನ್ ಸಂಖ್ಯೆಯೊಡನೆ ಬರೆದಳು.

ಮರುದಿನವೇ ಒಬ್ಬ ಹೆಂಗಸಿನ ಕರೆ ಬಂತು. "ನಾವು ಅಂಗಿಗೆ ಗುಂಡಿ ಹಚ್ಚೋರು. ಅಜ್ಜಿ ಕಥೆ ದಿನಾ ಸ್ಪೀಕರಲ್ಲಿ ಹಾಕ್ತೀವಿ. ಯಾಕೆ, ಕೇಳಬಾರದಾ?"

ತಕ್ಕಡಿ ವಿಳಾಸ ಕೇಳಿಕೊಂಡು ಅತ್ತೆಯನ್ನೂ ಗ್ರಂಥಪಾಲಕರನ್ನೂ ಅಲ್ಲಿಗೆ ಕರೆದೊಯ್ದಳು. ಉದ್ದನೆಯ ಕೋಣೆ, ಮೇಜಿನ ತುಂಬ ಅಂಗಿಗಳ ರಾಶಿ, ಎರಡೂ ಬದಿಗೆ ಸೂಜಿ ಹಿಡಿದ ಹೆಂಗಸರು. ಮೂಲೆಯಲ್ಲಿ ಒಂದೇ ಕಂಪ್ಯೂಟರು, ಒಂದೇ ಬ್ರೌಸರು, ಒಂದೇ ಕುಕಿ. ಅಂಕಿ ಸರಿಯಾಗಿಯೇ ಇತ್ತು. ಅದರ ನೆತ್ತಿಯ ಮೇಲೆ 'ಜನರು' ಎಂದು ತಾನು ಬರೆದದ್ದೇ ತಪ್ಪು. ಯಂತ್ರವನ್ನು ಎಣಿಸಿ ಮನುಷ್ಯರನ್ನು ಎಣಿಸಿದೆವೆನ್ನುವುದು ಯಾವ ನ್ಯಾಯ?

ಅತ್ತೆ "ನಮಸ್ಕಾರ" ಎಂದದ್ದೇ ತಡ, ದನಿಯ ಗುರುತು ಹತ್ತಿ ಕೋಣೆಗೆ ಕೋಣೆಯೇ ಎದ್ದುನಿಂತಿತು.

"ಅಜ್ಜೀ, ಕಥೇಲಿನ ಆ ಕಳ್ಳ ಸಿಕ್ಕಿಬಿದ್ನಾ? ಮೊದಲು ಅದನ್ನ ಹೇಳಿ!"

"ಮುಂದಿನ ವಾರ ಕೇಳಿ. ಮುಂದಿನ ವಾರ ಅನ್ನೋದು ಉಂಟೋ ಇಲ್ವೋ, ಈ ಯಜಮಾನರನ್ನ ವಿಚಾರಿಸಿ," ಎಂದು ಅತ್ತೆ ಗ್ರಂಥಪಾಲಕರತ್ತ ಕೈ ತೋರಿಸಿದರು.

"ಉಂಟು ಉಂಟು! ಇಷ್ಟು ಸೂಜಿ ಎದುರಿಗಿಟ್ಕೊಂಡು ಇಲ್ಲ ಅನ್ನೋಕಾಗುತ್ತಾ?" ಎಂದರವರು.

ತಕ್ಕಡಿ ಬೆರಳೆತ್ತಿ ತಲೆ ಎಣಿಸತೊಡಗಿದಳು. ಅಷ್ಟರಲ್ಲಿ ಎಲ್ಲರೂ ಅತ್ತೆಯ ಸುತ್ತ ಮುಗಿಬಿದ್ದು ಕಲಸಿಹೋದದ್ದರಿಂದ, ನಗುತ್ತಲೇ ಮತ್ತೆ ಮೊದಲಿನಿಂದ ಎಣಿಸಬೇಕಾಯಿತು.