ಹಿರಿಯೂರಿನ ಹೊಳೆಯಲ್ಲಿ ಹೆಂಗಸರ ಪಾಲು

ಪುಟ್ಟೀ, ಮರೀ, ಹೊಳೆಯಲ್ಲಿ ಈಜಿ ಬಂದು ತಲೆ ಒರೆಸಿಕೊಳ್ಳುತ್ತ, “ಅಜ್ಜಿ, ನೀನ್ಯಾಕೆ ಕಲೀಲಿಲ್ಲ?” ಎಂದು ಕೇಳಿದಿರಿ. ಎದುರಿಗೆ ಹೇಳಲು ನಾಚಿಕೆಯಾಯಿತು. ಬರೆಯುತ್ತೇನೆ.

ನಾನು ಹಿರಿಯೂರಿಗೆ ಸೊಸೆಯಾಗಿ ಬಂದಾಗ ಮಾರಿಕಣಿವೆಗೆ ಕಟ್ಟೆ ಕಟ್ಟಿ ಆಗಿತ್ತು. ಹೊಳೆಯ ಆರ್ಭಟ ತಗ್ಗಿತ್ತು. ಹುಡುಗರು ಆಳದ ಮಡುಗಳಿಗೆ ಹಾರುವುದು ತಪ್ಪಲಿ ಎಂದು ಊರಿನ ಹಿರಿಯರು ಊರವರೆಲ್ಲ ಈಜಲೆಂದು ಒಂದು ದಂಡೆ ಮಾಡಲು ಹೊರಟರು. ಜಾಲಿ ಕಡಿಸಿ, ಎತ್ತುಗಳಿಗೆ ಹಲಗೆ ಕಟ್ಟಿ ಮರಳು ಸಮ ಮಾಡಿಸಿದರು. ಮುಂದೆ ನಿಂತವರು ನನ್ನ ಮಾವನವರು.

ಅವರ ಮಗಳು, ನನ್ನ ನಾದಿನಿ, ಚಿಕ್ಕವಳಿದ್ದಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವಳು. ಮೈನೆರೆದ ಮೇಲೆ ಅದು ನಿಂತಿತ್ತು. ಅವಳೇ ಅಪ್ಪನ ಬೆನ್ನುಹತ್ತಿ ದಂಡೆಯಲ್ಲಿ ಹೆಂಗಸರಿಗೂ ಒಂದು ಪಾಲು ಬಿಡಿಸಿದಳು. ಅದಕ್ಕೆ ತೆಂಗಿನ ಗರಿಯ ತಟ್ಟಿ ಕಟ್ಟಿ ಮರೆ ಮಾಡಿದರು.

“ಹೆಣ್ಮಕ್ಳನ್ನ ಮೀನು ಮಾಡ್ತೀರೇನ್ರಿ?” ಎಂದು ಪಕ್ಕದ ಮನೆಯ ಯಜಮಾನರು ನಕ್ಕರು.

“ಆಗ್ಲಿ ಬಿಡ್ರಿ. ನಿಮ್ ಗಾಳಕ್ಕೆ ಸಿಗದಿದ್ರೆ ಸಾಕು,” ಎಂದರು ಮಾವ.

ದೀಪಾವಳಿ ಕಳೆದ ಮೇಲೆ ನಾದಿನಿಗೆ ಹೊಳಲ್ಕೆರೆಯ ಕಡೆಗೆ ಮದುವೆ ಗೊತ್ತಾಗಿತ್ತು. ಅಷ್ಟರೊಳಗೆ ಒಮ್ಮೆ ಮನಸಾರೆ ಈಜಬೇಕೆಂಬುದೊಂದೇ ಅವಳ ಆಸೆ.

“ಅತ್ತಿಗೆ, ನಿನ್ನೂ ತೇಲಿಸ್ತೀನಿ.”

“ಗುಂಡಿನಂಗೆ ಮುಳುಗ್ತೀನಿ ಕಣೇ.”

“ಜಡೆ ಐತಲ್ಲ, ಹಿಡ್ಕಂಡು ಎಳೀತೀನಿ ಬಾ!”

ದಂಡೆ ಸಿದ್ಧವಾದ ದಿನ ಗಂಡಸರು ಪೂಜೆ ಗೀಜೆ ಇಲ್ಲದೆ ಹಾಗೇ ನೀರಿಗಿಳಿದರು. ನಾವು ಮಾತ್ರ ಗಂಗಮ್ಮನನ್ನು ಕೂರಿಸದೆ ಇಳಿಯುವುದು ಹೇಗೆ ಎಂದೆವು. ನಾದಿನಿಯೇ ನುಣ್ಣನೆಯ ಕಲ್ಲೊಂದನ್ನು ಆರಿಸಿ ತಂದಳು. ನಮ್ಮ ಮರೆಯೊಳಗೆ ಅದನ್ನು ನಿಲ್ಲಿಸಿ, ಅರಿಶಿನ ಹಚ್ಚಿ, ಮುತ್ತೈದೆಯರೆಲ್ಲ ಉಡಿ ತುಂಬಿದೆವು. ಪೂಜೆಯ ದಿನ ಗಂಗಮ್ಮನ ಮೇಲೆ ಕಾಲಾಡಿಸಬಾರದು, ನಾಳೆ ಈಜಿದರಾಯಿತು ಎಂದುಕೊಂಡು ಮನೆಗೆ ಬಂದೆವು.

ಆ ರಾತ್ರಿ ಜೋರು ಮಳೆ ಬಂತು. ಹಳ್ಳಗಳು ತುಂಬಿ ಹೊಳೆಗೆ ಸೇರಿದವು. ಮಳೆ ಇಳಿದ ಮೇಲೆ ಹೋಗಿ ನೋಡಿದರೆ ಹೊಳೆ ಆಚೆ ದಡಕ್ಕೆ ಸರಿದು ಹರಿಯುತ್ತಿತ್ತು. ಈಚೆಯ ದಂಡೆಯೆಲ್ಲ ಬರೀ ಮರಳು; ನಮ್ಮ ತಟ್ಟಿ, ಗಂಗಮ್ಮನ ಕಲ್ಲು ಮಾತ್ರ ಅಲುಗದೆ ನಿಂತಿದ್ದವು. ಗಂಡಸರು ಅದೇ ವಾರ ಆಚೆ ದಡ ಸಮ ಮಾಡಿಕೊಂಡರು.

“ಅಪ್ಪಯ್ಯ, ನಮ್ ತಟ್ಟೀನೂ ಆಚೆಗೆ ಹಾಕ್ಸು,” ಎಂದು ನಾದಿನಿ ಕೇಳಿದಳು.

ಮಾವ ಹೆಗಲ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. “ನಂಗೇನೋ ಆಗ್ಬೋದು ಮಗಾ. ಗಂಗಮ್ಮನ್ನ ಕೂರಿಸ್ಬಿಟ್ಟಿದೀರಲ್ಲ, ಆಯಮ್ಮನ್ನ ಬಿಟ್ಟು ತಟ್ಟಿ ಕೀಳಂಗಿಲ್ಲ. ಪೂಜೆ ಆದ ಕಲ್ಲು ಕೀಳಾಕೆ ಹಿರಿಯರು ಒಪ್ಪಲ್ಲ. ಹೊಳೇನೇ ತಿರುಗಿ ಬರ್ತೈತೆ, ತಡಿ.”

ಅವರದೂ ತಪ್ಪಲ್ಲ. ಆ ಕಲ್ಲನ್ನು ಮುಟ್ಟಲು ನಮಗೇ ಧೈರ್ಯವಿರಲಿಲ್ಲ. ದೀಪಾವಳಿಯವರೆಗೂ ಅವಳು ದಿನಾ ಕೊಡ ಹಿಡಿದು ಹೋಗಿ ನೋಡಿ ಬರುತ್ತಿದ್ದಳು. ನೀರು ಬರಲಿಲ್ಲ. ಒಣಮರಳಿನ ನಡುವೆ ನಿಂತ ಆ ಮರೆಯಲ್ಲಿ ಓಣಿಯ ಹೆಂಗಸರು ಅವಳ ಮದುವೆಗೆ ಹಪ್ಪಳ, ಸಂಡಿಗೆ ಒಣಗಿಸಿದರು. ಕಾಗೆ ಕಾಯಲು ಅವಳನ್ನೇ ಕೂರಿಸಿದರು.

ಮದುವೆಯಾಗಿ ಗಂಡನ ಊರಿಗೆ ಗಾಡಿ ಹತ್ತುವಾಗ ಅವಳು ನನ್ನ ಕೈ ಹಿಡಿದು, “ಹೊಳೆ ಈಚೆಗೆ ಬಂದ್ರೆ ಹೇಳಿ ಕಳ್ಸು ಅತ್ತಿಗೆ,” ಎಂದಳು. ಹೇಳಿ ಕಳಿಸುವ ದಿನ ಬರಲಿಲ್ಲ. ನನಗೆ ಕಲಿಸುವವರೂ ಬೇರೆ ಯಾರೂ ಸಿಗಲಿಲ್ಲ.

ಅವಳಿಗೆ ಈಜು ಬರುತ್ತಿತ್ತು ಎಂಬುದು ಅವಳ ಮಕ್ಕಳಿಗೂ ಗೊತ್ತಿಲ್ಲ. ಈ ಹಾಳೆಗಳಿಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳಿ, ಮಕ್ಕಳೇ.