ತಳದ ಗೂಡು

ನನ್ನ ಅಂಗಿಯ ಜೇಬಿನಲ್ಲಿ ದಿನವೂ ನಾಲ್ಕೈದು ರೇಷ್ಮೆಗೂಡು ಸಿಕ್ಕೇ ಸಿಗುತ್ತವೆ; ಬಟ್ಟೆ ನೆನೆಸುವ ಮುನ್ನ ಅವನ್ನು ಹೊರತೆಗೆದು ಟಿವಿಯ ಪಕ್ಕದ ಸ್ಟೀಲ್ ಲೋಟಕ್ಕೆ ಹಾಕುವುದು ನನ್ನ ಹೆಂಡತಿಯ ಇಪ್ಪತ್ತೈದು ವರ್ಷದ ನಿತ್ಯವಿಧಿ. ನಾನು ಶಿಡ್ಲಘಟ್ಟದ ರೀಲರ್, ಗೂಡು ಕೊಂಡು, ಬೇಯಿಸಿ, ನೂಲು ತೆಗೆಯುವವನು. ಹರಾಜು ಈಗ ಮೊಬೈಲಿಗೆ ಬಂದಿದ್ದರೂ, ಬೆಲೆ ಒತ್ತುವ ಮೊದಲು ಮಾರಾಟದ ಲಾಟನ್ನು ಸುರಿದಿಟ್ಟ ಜಾಲರಿ ತಟ್ಟೆಯ ತಳದವರೆಗೆ ಕೈ ಇಳಿಸಿ, ಒಂದು ಹಿಡಿ ಗೂಡೆತ್ತಿ, ಕಿವಿಯ ಹತ್ತಿರ ಅಲ್ಲಾಡಿಸುವ ಅಭ್ಯಾಸವನ್ನು ನಾವ್ಯಾರೂ ಬಿಟ್ಟಿಲ್ಲ. ಒಳಗಿನ ಹುಳು ಸದ್ದು ಮಾಡಿದರೆ ಗೂಡು ಗಟ್ಟಿ. ಸದ್ದಿಲ್ಲದಿದ್ದರೆ ಹುಳು ಕರಗಿ ಅಂಟಿಕೊಂಡಿದೆ ಎಂದರ್ಥ. ಮೇಲಿನ ಪದರ ನೋಡಿ ಮರುಳಾಗುವವನು ಈ ಕಸುಬಿನಲ್ಲಿ ಆರು ತಿಂಗಳು ಉಳಿಯಲಾರ. ನಾನು ಉಳಿದಿದ್ದೇನೆ, ಆ ಬಗ್ಗೆ ನನಗೆ ಒಂದಿಷ್ಟು ಜಂಬವಿದೆಯೆಂದು ನೀವು ಊಹಿಸಿದರೆ ತಪ್ಪೇನಿಲ್ಲ.

ಮಗಳು ಅನುಷಾ ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಮುಗಿಸಿ, ಎರಡು ವರ್ಷದಿಂದ ಚಿಂತಾಮಣಿಯ ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದಳು. ಸಂಬಳ ಹದಿನಾಲ್ಕು ಸಾವಿರ. ಯುಗಾದಿ ಕಳೆದ ವಾರ ಬೆಂಗಳೂರಿನ ಕಾಲೇಜೊಂದರ ಹೊಳೆಯುವ ಪುಸ್ತಿಕೆಯನ್ನು ನನ್ನ ಮುಂದಿಟ್ಟು, ಆಸ್ಪತ್ರೆ ಆಡಳಿತದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಓದುತ್ತೇನೆಂದಳು. ಶುಲ್ಕ, ಹಾಸ್ಟೆಲು ಸೇರಿ ಆರೂವರೆ ಲಕ್ಷ. ಹಣವೇನೋ ಇತ್ತು, ಆದರೆ ಅದು ನಮ್ಮ ಹಳೆಯ ರೀಲಿಂಗ್ ಯಂತ್ರವನ್ನು ಬದಲಿಸಲೆಂದು ವರ್ಷಗಟ್ಟಲೆ ಕೂಡಿಟ್ಟದ್ದು. ಯಂತ್ರವೋ ಪದವಿಯೋ, ಎರಡರಲ್ಲಿ ಒಂದೇ ಆಗಬೇಕಿತ್ತು.

ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕೆಂಬ ಲೆಕ್ಕಕ್ಕೆ ನಮ್ಮಲ್ಲಿ ರೆಂಡಿಟ್ಟ ಎನ್ನುತ್ತಾರೆ. ಏಳಾದರೆ ಸಂತೋಷ, ಹತ್ತಾದರೆ ತಲೆಯ ಮೇಲೆ ಕೈ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಪದವಿಯ ರೆಂಡಿಟ್ಟ ಹಾಕುತ್ತಿದ್ದಾಗ ಅನುಷಾ ಇಣುಕಿ ನೋಡಿ, "ಅಪ್ಪಾ, ಎರಡು ವರ್ಷ ನನ್ ಸಂಬಳ ಬರಲ್ವಲ್ಲ, ಅದನ್ನ ಬಿಟ್ಟೇಬಿಟ್ಟಿದ್ದೀಯ" ಎಂದಳು. ಅದೂ ಸೇರಿ ಹತ್ತು ಲಕ್ಷದ ಹತ್ತಿರಕ್ಕೆ ಹೋಯಿತು. ತನಗೇ ವಿರುದ್ಧವಾಗುವ ಲೆಕ್ಕವನ್ನು ತಾನೇ ಸರಿಮಾಡಿಕೊಟ್ಟ ಹುಡುಗಿಯನ್ನು ನಾನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಕಾಲೇಜಿಗೆ ಒಬ್ಬನೇ ಹೋದೆ. ಕಚೇರಿಯ ಗೋಡೆಯ ತುಂಬ ನಗುವ ಮುಖಗಳು, ಪ್ರತಿ ಮುಖದ ಕೆಳಗೆ ಲಕ್ಷಗಳ ಸಂಬಳ. ಇದು ಮೇಲಿನ ಪದರವೆಂದು ರೀಲರಿಗೆ ಯಾರಾದರೂ ಹೇಳಿಕೊಡಬೇಕೆ? ನೇರವಾಗಿ ಕ್ಯಾಂಟೀನಿಗೆ ನಡೆದು, ಕಾಫಿ ಕುಡಿಯುತ್ತ, ಅಲ್ಲೇ ಓದುತ್ತಿದ್ದ ಗೌರಿಬಿದನೂರಿನ ಹುಡುಗಿಯೊಬ್ಬಳನ್ನು ಮಾತಿಗೆಳೆದೆ. "ಫೋಟೋದಲ್ಲಿರೋರು ಸುಮಾರು ಜನ ಮೊದ್ಲೇ ಡಾಕ್ಟ್ರೋ ನರ್ಸೋ ಆಗಿದ್ದೋರು ಅಂಕಲ್. ಏನೂ ಅನುಭವ ಇಲ್ದೆ ನನ್ ಥರ ಬಂದೋರಿಗೆ ಇಪ್ಪತ್ತು ಸಾವಿರದಿಂದ ಶುರು" ಎಂದಳು. ತಿಂಗಳಿಗೆ ಆರು ಸಾವಿರ ಹೆಚ್ಚಿಗೆ ಬಂದರೆ ಹತ್ತು ಲಕ್ಷ ಹಿಂದಿರುಗಲು ಹದಿನಾಲ್ಕು ವರ್ಷ, ವನವಾಸವೇ ಸರಿ. ಮನೆಗೆ ಬಂದು, "ಈ ಲಾಟು ಬೇಡ ಕಣಮ್ಮ" ಎಂದು ತೀರ್ಪು ಕೊಟ್ಟೆ.

"ಸರಿ ಅಪ್ಪಾ. ಕಾಲೇಜಿನೋರ ತಳಕ್ಕೆಲ್ಲ ನೀನು ಕೈ ಹಾಕಿ ನೋಡ್ಕೊಂಡ್ ಬಂದೆ. ನಾನ್ ಏನ್ ಕೆಲ್ಸ ಮಾಡ್ತೀನಿ ಅಂತ ಒಂದಿನಾನಾದ್ರೂ ಬಂದು ನೋಡಿದ್ಯಾ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಎರಡು ದಿನ ಬಿಟ್ಟು, ಅವಳಿಗೆ ತಿಳಿಸದೆ ಚಿಂತಾಮಣಿಯ ಬಸ್ಸು ಹತ್ತಿ, ಆಸ್ಪತ್ರೆಯ ಬೆಂಚಿನಲ್ಲಿ ರೋಗಿಯ ಕಡೆಯವನಂತೆ ಕುಳಿತೆ. ಗಡಿಯಾಚೆಯಿಂದ ಬಂದ ಅಜ್ಜಿಯೊಬ್ಬಳು ಕೈಯಲ್ಲಿ ಕಾಗದಗಳ ಕಟ್ಟು ಹಿಡಿದು ದಿಕ್ಕು ತೋಚದೆ ನಿಂತಿದ್ದಳು. ಅನುಷಾ ಕೌಂಟರಿನಿಂದ ಎದ್ದು ಬಂದು, ತೆಲುಗಿನಲ್ಲಿ ಸಮಾಧಾನ ಹೇಳಿ, ಅಜ್ಜಿಯನ್ನು ಕೂರಿಸಿ, ಆ ಕಾಗದಗಳನ್ನು ತಾನೇ ಮೂರು ಕೋಣೆಗಳಿಗೆ ಹೊತ್ತು ಮುಗಿಸಿಕೊಂಡು ಬಂದಳು. ನಾನು ಯಾರೆಂದು ತಿಳಿಯದ ನರ್ಸಮ್ಮ ಒಬ್ಬರು ನನ್ನ ಪಕ್ಕದಲ್ಲಿ ನಿಂತು ಹೇಳಿದರು: "ಮೊದ್ಲೆಲ್ಲ ಬೆಳಗ್ಗೆ ಡಿಸ್ಚಾರ್ಜ್ ಅಂದ್ರೆ ಮನೆಗೆ ಹೋಗೋದು ಸಂಜೆ ಆಗೋದು. ಈ ಹುಡ್ಗಿ ಹಿಂದಿನ ದಿನಾನೇ ಪೇಪರೆಲ್ಲ ರೆಡಿ ಮಾಡಿಸಿಡ್ತಾಳೆ, ಈಗ ಊಟದ ಹೊತ್ತಿಗೆ ಹೊರಡ್ತಾರೆ. ಮ್ಯಾನೇಜರ್ ಕೆಲ್ಸಾನೇ ಮಾಡ್ತಾಳೆ, ಅದಕ್ಕೆ ಬೇಕಾದ ಡಿಗ್ರಿ ಇಲ್ಲ ಅಂತ ಕೌಂಟರಲ್ಲೇ ಕೂರ್ಸಿದ್ದಾರೆ ಅಷ್ಟೆ."

ವಾಪಸು ಬರುವ ಬಸ್ಸಿನಲ್ಲಿ ಗೌರಿಬಿದನೂರಿನ ಹುಡುಗಿಯ ಮಾತು ಮತ್ತೆ ನೆನಪಾಯಿತು. 'ಏನೂ ಅನುಭವ ಇಲ್ದೆ' ಎಂದಿದ್ದಳು. ನಾನು ಇಪ್ಪತ್ತು ಸಾವಿರವನ್ನು ಮಾತ್ರ ಜೇಬಿಗೆ ಹಾಕಿಕೊಂಡು ಬಂದಿದ್ದೆ. ರೆಂಡಿಟ್ಟ ಹಾಕುವಾಗ ಯಾವ ಗೂಡೆಂದು ಮೊದಲು ಕೇಳಬೇಕೆಂಬುದು ನನ್ನ ಕಸುಬಿನ ಮೊದಲ ಪಾಠ, ಸ್ನೇಹಿತರೇ. ಅದನ್ನೇ ಮರೆತು, ಮಗಳ ಎರಡು ವರ್ಷದ ಅನುಭವವನ್ನು ಲೆಕ್ಕದಿಂದ ಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು; ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ಹಾಗೆಂದು ಹೊಳೆಯುವ ಪುಸ್ತಿಕೆಗೆ ಸೋತೆವೆಂದು ತಿಳಿಯಬೇಡಿ. ಗೋಡೆಯ ಮೇಲೆ ಒಂದು ಫೋಟೋವೂ ಇಲ್ಲದ, ಅರ್ಧ ಶುಲ್ಕದ ಇನ್ನೊಂದು ಕಾಲೇಜನ್ನು ಅನುಷಾಳೇ ಹುಡುಕಿದಳು. ಅಲ್ಲಿನ ಕ್ಯಾಂಟೀನಿನಲ್ಲೂ ಕಾಫಿ ಕುಡಿದೆವು, ಈ ಸಲ ಇಬ್ಬರೂ. ಯಂತ್ರ ಹಳೆಯದೇ ಓಡುತ್ತಿದೆ. ಇನ್ನೆರಡು ವರ್ಷ ಓಡುತ್ತದೆ, ನಾನು ಓಡಿಸುತ್ತೇನೆ.

ಆ ಕಾಲೇಜು ಸೇರಲು ಹೊರಡುವ ಬೆಳಿಗ್ಗೆ ಅವಳು ಟಿವಿಯ ಪಕ್ಕದ ಲೋಟದಿಂದ ಒಂದು ಗೂಡು ತೆಗೆದು, ನನ್ನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದಳು. "ಕೇಳಿಸ್ತಾ ಅಪ್ಪಾ?"

ಕೇಳಿಸಿತು. ಎರಡು ವರ್ಷ ತಡವಾಗಿ.