ಟ್ರಸ್ಟಿಗಳನ್ನು ಬಿಸಿಲಿಗೆ ಕೂರಿಸಿದ್ದು

ಆ ವಾಕ್ಯವನ್ನು ಟೈಪ್ ಮಾಡಿದವಳು ನಾನೇ. ಬೇರೆಯವರು ಹೇಳಿದರು, ನಾನು ಬೆರಳಾಡಿಸಿದೆ ಅಷ್ಟೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದ್ದೇನೆ. ಅದು ಪೂರ್ತಿ ನಿಜವಲ್ಲ. ಕಾರ್ಯದರ್ಶಿಗಳು ಹೇಳಿದ್ದು "ಬರೀ ಕಾಲು ಸಾಲಲ್ಲಮ್ಮ, ಕೈನೂ ಸೇರ್ಸಿ" ಎಂದು ಮಾತ್ರ. "ಈಗ ಈಕೆಯ ಕೈಗಳೂ ಸೋಲುತ್ತಿವೆ, ಸೂಜಿಗೆ ದಾರ ಪೋಣಿಸುವುದೂ ಕಷ್ಟವಾಗಿದೆ" ಎಂದು ಅದಕ್ಕೆ ರೂಪ ಕೊಟ್ಟವಳು ನಾನು. ಬರೆದ ಮೇಲೆ ಒಮ್ಮೆ ಓದಿಕೊಂಡು, ಚೆನ್ನಾಗಿದೆ ಎಂದುಕೊಂಡದ್ದೂ ನೆನಪಿದೆ.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಒಂದು ಸ್ಟೀಲ್ ಪಾತ್ರೆ ಅಂಗಡಿಯ ಮಹಡಿಯ ಮೇಲೆ ನನ್ನ ಕಂಪ್ಯೂಟರ್ ಸೆಂಟರ್ ಇತ್ತು. ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಫೋನ್ ಲೈನ್. ಪಕ್ಕದ ಕೋಣೆ ಒಂದು ಟ್ರಸ್ಟಿನ ಕಚೇರಿ. ನಡೆಯಲಾಗದವರಿಗೆ ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿ ಕೊಡಿಸುವುದು ಆ ಟ್ರಸ್ಟಿನ ಕೆಲಸ. ಅಧ್ಯಕ್ಷರು ಅಡಿಕೆ ಮಂಡಿಯವರು. ಕಾರ್ಯದರ್ಶಿಗಳು ನಿವೃತ್ತ ಹೆಡ್‌ಮಾಸ್ಟರು. ಉಳಿದ ನಾಲ್ವರು ಸಭೆಗೆ ಬಂದು, ಕಾಫಿ ಕುಡಿದು, ಸಹಿ ಹಾಕಿ ಹೋಗುವವರು. ಕೆಟ್ಟವರು ಯಾರೂ ಅಲ್ಲ. ಗಾಡಿಗಾಗಿ ಅರ್ಜಿ ಹಾಕಿ ಕಾಯುತ್ತಿದ್ದವರ ಪಟ್ಟಿ ಉದ್ದವಾಗುತ್ತಿತ್ತು, ಊರಿನಲ್ಲಿ ಕೇಳಬಹುದಾದವರನ್ನೆಲ್ಲ ಕೇಳಿ ಆಗಿತ್ತು.

ಇಂಟರ್ನೆಟ್ಟಿನಲ್ಲಿ ಒಂದು ಪುಟ ಹಾಕಿದರೆ ದೂರದೂರದವರು ದಾನ ಕೊಡುತ್ತಾರೆಂದು ಕಾರ್ಯದರ್ಶಿಗಳು ಪೇಪರಿನಲ್ಲಿ ಓದಿದ್ದರು. ಆ ತುಣುಕನ್ನು ಕತ್ತರಿಸಿ ಡೈರಿಯಲ್ಲಿ ಇಟ್ಟುಕೊಂಡೇ ನನ್ನ ಹತ್ತಿರ ಬಂದರು. ಟ್ರಸ್ಟಿನವರ ಮೊದಲ ಬೇಡಿಕೆ ಆರೂ ಜನರ ಫೋಟೋ, ಹುದ್ದೆಯ ಪ್ರಕಾರ, ಮೇಲಿನಿಂದ ಕೆಳಕ್ಕೆ. ದಾನ ಕೊಡುವವರಿಗೆ ನಿಮ್ಮ ಮುಖ ಬೇಡ, ಗಾಡಿ ಪಡೆದ ಒಬ್ಬರ ಮುಖ ಬೇಕು, ಅವರ ಕಥೆ ಬೇಕು ಎಂದು ನಾನು ವಾದಿಸಿದೆ. ಡೈರಿಯ ತುಣುಕಿನಲ್ಲೂ ಹಾಗೇ ಇತ್ತು. ಆರೂ ಜನ ಸ್ವಲ್ಪ ಮಂಕಾದರು, ಒಪ್ಪಿದರು.

ಭದ್ರಾವತಿಯಲ್ಲಿ ಗಾಡಿ ವಿತರಿಸಿದ ಸಮಾರಂಭದ ಒಂದು ಫೋಟೋ ಸಿಕ್ಕಿತು. ಗಾಡಿಯ ಮೇಲೆ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು, ಸುತ್ತಲೂ ಆರು ಟ್ರಸ್ಟಿಗಳು. ಎಲ್ಲರ ಬಲಗೈಯೂ ಗಾಡಿಯ ಹಿಡಿಯ ಮೇಲೆ. ಒಬ್ಬರಿಗೆ ಹಿಡಿಯಲ್ಲಿ ಜಾಗ ಸಿಗದೆ ಹಾರ್ನಿನ ರಬ್ಬರ್ ಉಂಡೆಯನ್ನು ಹಿಡಿದಿದ್ದರು. ಆಕೆಯ ಮುಖದಲ್ಲಿ ಎಂಥ ದುಃಖವಿತ್ತೆಂದರೆ, ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಟ್ರಸ್ಟಿಗಳನ್ನೆಲ್ಲ ಕತ್ತರಿಸಿ ಆಕೆಯನ್ನು ಮಾತ್ರ ಉಳಿಸಿದೆ. ಅಧ್ಯಕ್ಷರು ಪರದೆಯ ಹತ್ತಿರ ಬಗ್ಗಿ ನೋಡಿ, "ನಮ್ಮ ಉಂಗ್ರದ ಕೈ ಒಂದಾದ್ರೂ ಇರ್ಲಿ ಬಿಡಮ್ಮ" ಎಂದರು. ಅದನ್ನೂ ಉಳಿಸಲಿಲ್ಲ.

ಆಕೆ ಯಾರು, ಏನು ಮಾಡುತ್ತಾರೆ ಎಂದು ನಾನು ವಿಚಾರಿಸಲಿಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಪೋಲಿಯೋದಿಂದ ಕಾಲು ಹೋಗಿದೆ ಎಂಬುದು ಅರ್ಜಿಯಲ್ಲಿತ್ತು. ಕೈಯ ವಿಷಯ ಎಲ್ಲಿಯೂ ಇರಲಿಲ್ಲ.

ಆಗ ಕನ್ನಡ ಅಕ್ಷರಗಳು ಬೇರೆಯವರ ಕಂಪ್ಯೂಟರಿನಲ್ಲಿ ಬರೀ ಚೌಕಗಳಾಗಿ ಕಾಣುತ್ತಿದ್ದವು. ಅದಕ್ಕಾಗಿ ಬರಹವನ್ನೂ ಚಿತ್ರ ಮಾಡಿ ಹಾಕಿದೆ. ಕೆಳಗೆ ಇಂಗ್ಲಿಷಿನಲ್ಲಿ ಸಾರಾಂಶ, ಟ್ರಸ್ಟಿನ ವಿಳಾಸ, "ಇಲ್ಲಿ ಒತ್ತಿ" ಎಂಬ ಒಂದು ಗುಂಡಿ. ಪುಟ ತೆರೆಯಲು ಎರಡು ನಿಮಿಷ ಹಿಡಿಯುತ್ತಿತ್ತು. ಮೊದಲು ಆಕೆಯ ಬೈತಲೆ, ಆಮೇಲೆ ಹಣೆ, ಹುಬ್ಬು, ಹೀಗೆ ಇಂಚಿಂಚಾಗಿ ಕೆಳಗಿಳಿಯುತ್ತಿತ್ತು. ಟ್ರಸ್ಟಿಗಳು ಆರೂ ಜನ ನನ್ನ ಕುರ್ಚಿಯ ಹಿಂದೆ ನಿಂತು ಕಾದು ನೋಡಿದರು. ಅಧ್ಯಕ್ಷರಿಗೆ ಮಾತ್ರ ಸಮಾಧಾನವಿಲ್ಲ. ಪುಟ ಆಯಿತಲ್ಲ, ಅದು ಎಲ್ಲಿದೆ, ಕೈಗೆ ಕೊಡಿ ಎಂದರು. ಇಲ್ಲೇ ಇದೆ ಎಂದೆ. ಕಂಪ್ಯೂಟರ್ ಆರಿಸಿದ ಮೇಲೆ ಎಲ್ಲಿರುತ್ತದೆ ಎಂದು ಕೇಳಿದರು. ನಾನು ವಿವರಿಸಿದ್ದು ಅವರಿಗೆ ಹಿಡಿಸಲಿಲ್ಲ. ಮರುದಿನ ಅದನ್ನು ಕಲರ್ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ, ಮೇಲೆ ಎರಡು ತೂತು ಹೊಡೆಸಿ ದಾರ ಕಟ್ಟಿಸಿ, ಕ್ಯಾಲೆಂಡರ್ ಹಂಚುವ ಹಾಗೆ ಹೊಳೆಹೊನ್ನೂರಿನಿಂದ ಭದ್ರಾವತಿಯವರೆಗೆ ಪರಿಚಯದ ಅಂಗಡಿಗಳಿಗೆಲ್ಲ ಹಂಚಿದರು. "ಇಂಟರ್ನೆಟ್ಟಲ್ಲಿ ಬಂದಿದೀವಿ, ನೇತಾಕ್ಕಳಿ" ಎಂದು ಹೇಳಿ ಕೊಟ್ಟರಂತೆ.

ಭದ್ರಾವತಿ ಪೇಟೆಯ ಒಂದು ಬಟ್ಟೆ ಅಂಗಡಿಯವರು ಅದನ್ನು ಬ್ಲೌಸ್ ಪೀಸಿನ ಕಪಾಟಿನ ಪಕ್ಕ ನೇತು ಹಾಕಿದರು.

ಎರಡು ವಾರದ ನಂತರ, ಟ್ರಸ್ಟಿನ ಸಭೆ ನಡೆಯುತ್ತಿದ್ದ ಒಂದು ಮಧ್ಯಾಹ್ನ, ಕೆಳಗೆ ಬೀದಿಯಲ್ಲಿ ಹಾರ್ನ್ ಕೇಳಿಸಿತು. ಬಜಾರಿನಲ್ಲಿ ಹಾರ್ನ್ ಹೊಸದಲ್ಲ. ಆದರೆ ಇದು ನಿಲ್ಲಲಿಲ್ಲ. ಕಿಟಕಿಯಲ್ಲಿ ಬಗ್ಗಿ ನೋಡಿದೆ. ಲಗೇಜ್ ಆಟೋದಿಂದ ಗಾಡಿಯನ್ನು ಇಳಿಸಿಕೊಂಡು, ನಮ್ಮ ಮೆಟ್ಟಿಲಿನ ಬಾಯಿಗೆ ಸರಿಯಾಗಿ ಅಡ್ಡ ನಿಲ್ಲಿಸಿ, ಫೋಟೋದ ಹೆಂಗಸು ರಬ್ಬರ್ ಉಂಡೆಯನ್ನು ಒತ್ತುತ್ತಾ ಕೂತಿದ್ದರು. ಕುತ್ತಿಗೆಯಲ್ಲಿ ಅಳತೆಯ ಟೇಪು, ತೊಡೆಯ ಮೇಲೆ ಲ್ಯಾಮಿನೇಶನ್ ಹಾಳೆ.

ನಾನು ಇಳಿದು ಹೋದೆ. ಕೊನೆಯ ಮೆಟ್ಟಿಲಿನಿಂದ ಆಚೆ ಹೋಗಲು ದಾರಿ ಇರಲಿಲ್ಲ.

"ಇದು ಬರ್ದಿದ್ದು ನೀವಾ ಮೇಡಂ?"

ಹೌದು ಎಂದೆ.

"ನನ್ನ ಕೈ ಯಾವಾಗ ನೋಡಿದ್ರಿ?"

ನೋಡಿಲ್ಲ ಎಂದೆ. ಆಕೆ ನಿಧಾನವಾಗಿ ಹೇಳಿದರು. ಆಕೆ ಟೈಲರ್. ಬಟ್ಟೆ ಅಂಗಡಿಯವರು ಬ್ಲೌಸಿಗೆ ಆಕೆಯ ಹತ್ತಿರವೇ ಜನರನ್ನು ಕಳಿಸುತ್ತಿದ್ದರು. ಒಂದು ಮದುವೆ ಮನೆಯವರು ಮದುಮಗಳ ಏಳು ಬ್ಲೌಸ್ ಹೊಲಿಯಲು ಕೊಟ್ಟಿದ್ದರು. ಮದುಮಗಳ ತಾಯಿ ಅಂಗಡಿಯಲ್ಲಿ ಹಾಳೆ ಓದಿದವರು, ಮಾರನೆಯ ಬೆಳಿಗ್ಗೆ ಮನೆಗೆ ಬಂದು, ನಿನಗೆ ಯಾಕೆ ತೊಂದರೆ ಎಂದು ಅತ್ಯಂತ ಮೃದುವಾಗಿ ಹೇಳಿ, ಏಳು ಪೀಸನ್ನೂ ತೆಗೆದುಕೊಂಡು ಹೋದರು. ಅವರ ಹಿಂದೆ ಇನ್ನೂ ಮೂರು ಮನೆಯವರು. ಮನೆ ನಡೆಯುವುದು ಆ ಹೊಲಿಗೆಯಿಂದಲೇ.

"ಬೈದಿದ್ರೆ ತಿರುಗಿ ಬೈತಿದ್ದೆ. ಮದುಮಗಳ ಅಮ್ಮ ಹೋಗ್ತಾ ಎರಡು ಬಾಳೆಹಣ್ಣು ಕೈಗಿಟ್ಟು ಹೋದ್ರು ಮೇಡಂ. ಅದಕ್ಕೆ ಏನಂತ ಹೇಳ್ಲಿ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಟ್ರಸ್ಟಿಗಳು ಒಬ್ಬರ ಹಿಂದೆ ಒಬ್ಬರು ಬಂದು ನಿಂತಿದ್ದರು. ಅಧ್ಯಕ್ಷರು, ಮೇಲೆ ಬಂದು ಕೂತು ಮಾತಾಡೋಣ ಬಾಮ್ಮ ಎಂದರು. ಆಕೆ ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಹದಿನೇಳು ಮೆಟ್ಟಿಲು, ನಾನು ಆಮೇಲೆ ಎಣಿಸಿದೆ. ಕಾಲಿಲ್ಲದವರಿಗೆ ನೆರವಾಗುವ ಕಚೇರಿ ಮಹಡಿಯ ಮೇಲಿದೆ ಎಂಬುದು ಆರು ಟ್ರಸ್ಟಿಗಳಿಗೂ ನನಗೂ ಅದೇ ಕ್ಷಣದಲ್ಲಿ, ಮೊದಲ ಸಲ, ಹೊಳೆಯಿತು. ಕೆಳಗೆ ಪಾತ್ರೆ ಅಂಗಡಿಯವರು ಕೊಳಗ ಒರೆಸುವುದನ್ನು ನಿಲ್ಲಿಸಿದರು.

ಮಾತುಕತೆ ಅಲ್ಲೇ ನಡೆಯಿತು, ಅವರು ಮೆಟ್ಟಿಲ ಮೇಲೆ, ಆಕೆ ಗಾಡಿಯಲ್ಲಿ. ಆ ಫೋಟೋವನ್ನು ಪುಟದಿಂದ ತೆಗೆದುಹಾಕಬೇಕು ಎಂದು ಆಕೆ ಪಟ್ಟು ಹಿಡಿದರು. ಆ ಮುಖ ದುಃಖದ್ದೂ ಅಲ್ಲವಂತೆ. ಮುಖ್ಯ ಅತಿಥಿ ಬರಲಿಲ್ಲವೆಂದು ಎರಡು ಗಂಟೆ ಬಿಸಿಲಿನಲ್ಲಿ ಕೂರಿಸಿದ್ದರು, ಕಣ್ಣು ಬಿಡಲು ಆಗದೆ ಮುಖ ಹಾಗೆ ಕಿವುಚಿಕೊಂಡಿತ್ತು. ಕಾರ್ಯದರ್ಶಿಗಳು ಡೈರಿಯ ತುಣುಕನ್ನು ನೆನೆದು, ನಗುವ ಮುಖಕ್ಕೆ ಯಾರೂ ದಾನ ಕೊಡುವುದಿಲ್ಲ, ಅಂಥ ಒಂದು ಮುಖ ಬೇಕೇ ಬೇಕು ಎಂದು ಮೇಷ್ಟ್ರ ದನಿಯಲ್ಲಿ ಹೇಳಿದರು.

"ಬೇಕಾದ್ರೆ ನಿಮ್ದೇ ಹಾಕ್ಕಳಿ ಸಾರ್," ಎಂದರು ಆಕೆ. "ದಾನ ಕೊಡೋರನ್ನ ಕೇಳ್ತಿರೋರು ನೀವು. ನಾನೇನು ಅವ್ರನ್ನ ಕೇಳಿದ್ನಾ?"

ಅಧ್ಯಕ್ಷರು ವ್ಯಾಪಾರಸ್ಥರು, ಮಾತಿನಲ್ಲಿ ತೂಕ ಎಲ್ಲಿದೆಯೆಂದು ಬೇಗ ತಿಳಿಯುತ್ತದೆ. ಬೀದಿಯಲ್ಲಿ ಜನ ಸೇರುತ್ತಿದ್ದುದನ್ನೂ ಅವರು ಕಂಡಿರಬೇಕು. "ಅಲ್ಲ ಮಾರಾಯ್ತಿ, ನಮಗೆ ಆ ಮುಖ ಬರಬೇಕಲ್ಲ" ಎಂದರು.

"ಬರುತ್ತೆ ಯಜಮಾನ್ರೇ. ನಾನು ಬರ್ಸ್ತೀನಿ."

ಪಾತ್ರೆ ಅಂಗಡಿಯಿಂದ ಎರಡು ಬೆಂಚು ಹೊರಗೆ ಬಂದವು. ಅವುಗಳನ್ನು ನೆರಳಿನಲ್ಲಿ ಹಾಕಿದ್ದನ್ನು ಆಕೆ ಬಿಸಿಲಿಗೆ ಎಳೆಸಿದರು. ಆರೂ ಜನ ಸಾಲಾಗಿ, ಸೂರ್ಯನಿಗೆ ಮುಖ ಮಾಡಿ ಕೂತರು. ಸೆಂಟರಿನ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟು, ಒತ್ತುವುದು ಹೇಗೆಂದು ತೋರಿಸಿದೆ. ಆಕೆ ಒತ್ತಲಿಲ್ಲ. ಇನ್ನೂ ಮುಖ ಬಂದಿಲ್ಲ ಎಂದರು. ಹತ್ತು ನಿಮಿಷವಾಯಿತು. ಒಬ್ಬ ಟ್ರಸ್ಟಿ ಟವೆಲ್ ತಲೆಗೆ ಹಾಕಿಕೊಳ್ಳಲು ಹೋದರು; ಮುಖ್ಯ ಅತಿಥಿ ಬರುವ ಹೊತ್ತಾಯಿತು, ತೆಗೆಯಿರಿ ಎಂದು ಆಕೆ ತೆಗೆಸಿದರು. ನಲವತ್ತು ನಿಮಿಷವೆಂದು ನನ್ನ ಗಡಿಯಾರ ಹೇಳಿತು. ಎರಡು ಗಂಟೆ ಕೂರಿಸಲಿಲ್ಲ, ಅದು ಆಕೆಯ ಔದಾರ್ಯ. ಕೊನೆಗೆ ಆರು ಮುಖಗಳೂ ಒಣ ಮೆಣಸಿನಕಾಯಿಯ ಹಾಗೆ ಸುಕ್ಕುಗಟ್ಟಿ, ಅಧ್ಯಕ್ಷರ ಕಣ್ಣಿನಲ್ಲಿ ನೀರಾಡಿದಾಗ, ಕೈ ಮುಗಿಯಿರಿ ಎಂದು ಹೇಳಿ ಒತ್ತಿದರು. ಒಂದೇ ಫೋಟೋ. ಕೈ ಸ್ವಲ್ಪವೂ ಅಲುಗಿರಲಿಲ್ಲ.

ಹೋಗುವಾಗ ನನಗೆ ಹೇಳಿದರು, "ನೀವು ಬನ್ನಿ ಭದ್ರಾವತಿಗೆ. ಒಂದು ಬ್ಲೌಸ್ ಪೀಸ್ ತನ್ನಿ. ನೋಡಿ, ಆಮೇಲೆ ಬರೀರಿ."

ಮರುದಿನವೇ ಹೋದೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನ ಮುಂಬಾಗಿಲ ಜಗಲಿಯಲ್ಲಿ ಆಕೆಯ ಹೊಲಿಗೆ ಮೆಷಿನ್ ಇತ್ತು. ಕಾಲಿನ ಪೆಡಲ್ ಇಲ್ಲದ, ಕೈಯಿಂದ ತಿರುಗಿಸುವ ಮೆಷಿನ್. ಬಲಗೈ ಚಕ್ರ ತಿರುಗಿಸುತ್ತಿತ್ತು, ಎಡಗೈ ಬಟ್ಟೆಯನ್ನು ನಡೆಸುತ್ತಿತ್ತು. ನನ್ನ ಅಳತೆಯನ್ನು ತಮಿಳಿನಲ್ಲಿ ಎಣಿಸಿಕೊಂಡು ಕನ್ನಡದಲ್ಲಿ ಬರೆದುಕೊಂಡರು. ಆಮೇಲೆ ಒಂದು ಸಣ್ಣ ಸೂಜಿ ತೆಗೆದು, ನನ್ನ ಮುಖವನ್ನೇ ನೋಡುತ್ತಾ, ಸೂಜಿಯನ್ನು ನೋಡದೆ, ದಾರ ಪೋಣಿಸಿದರು. ಒಂದೇ ಸಲಕ್ಕೆ. ದಾರ ಎಳೆದು ಬಿಡಿಸಿ, ಸೂಜಿಯನ್ನು ನನ್ನ ಕೈಗೆ ಕೊಟ್ಟರು.

ನಾನು ದಾರವನ್ನು ಬಾಯಲ್ಲಿ ಒದ್ದೆ ಮಾಡಿದೆ, ಸೂಜಿಯನ್ನು ಬೆಳಕಿಗೆ ಹಿಡಿದೆ. ಮೂರು ಸಲವೂ ಆಗಲಿಲ್ಲ.

"ಇದನ್ನೂ ಬರೀರಿ," ಎಂದರು.

ಬರೆದೆ. ಹೊಸ ಪುಟದಲ್ಲಿ ಮೇಲೆ ಬಿಸಿಲಿನ ಆರು ಮುಖಗಳು. ಕೆಳಗೆ, ಗಾಡಿಗಾಗಿ ಕಾಯುತ್ತಿರುವವರ ಪರವಾಗಿ ಕೇಳುತ್ತಿರುವವರು ಇವರು. ಅದರ ಕೆಳಗೆ, ಈ ಹಿಂದೆ ಇಲ್ಲಿ ಒಬ್ಬ ಟೈಲರಿನ ಕೈ ಸೋಲುತ್ತಿದೆ ಎಂದು ಬರೆದದ್ದು ಸುಳ್ಳು. ಆಕೆ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಇದನ್ನು ಬರೆದವಳಿಗೆ ಮೂರು ಸಲಕ್ಕೂ ಆಗಲಿಲ್ಲ. ಅಧ್ಯಕ್ಷರು ಹಳೆಯ ಹಾಳೆಗಳನ್ನು ತಾವೇ ಕಾರಿನಲ್ಲಿ ಹೋಗಿ ಅಂಗಡಿ ಅಂಗಡಿಯಿಂದ ಇಳಿಸಿ, ಹೊಸದನ್ನು ನೇತು ಹಾಕಿಸಿದರು. ಅವರು ಮೊದಲು ಕೇಳಿದ್ದ ಆರೂ ಜನರ ಫೋಟೋ ಕೊನೆಗೂ ಅವರಿಗೆ ಸಿಕ್ಕಿತ್ತು.

ಮೊದಲ ಪುಟಕ್ಕೆ ಒಂದು ಪತ್ರವೂ ಬಂದಿರಲಿಲ್ಲ. ಇದಕ್ಕೆ ಬಂದವು. ಒಬ್ಬರು, ಚಿತ್ರದಲ್ಲಿರುವ ಆರೂ ಜನರಿಗೆ ಗಾಡಿ ಬೇಕೇ ಅಥವಾ ಬಲಗಡೆಯ ಇಬ್ಬರಿಗೆ ಮಾತ್ರವೇ ಎಂದು ಕಾಳಜಿಯಿಂದ ಕೇಳಿದ್ದರು. ಕಾರ್ಯದರ್ಶಿಗಳು ಗಂಭೀರವಾಗಿ ಉತ್ತರ ಬರೆದರು. ಆ ಮಹನೀಯರಿಂದ ಒಂದು ಗಾಡಿ ಬಂತು.

ಹತ್ತು ದಿನ ಬಿಟ್ಟು ಬ್ಲೌಸ್ ತರಲು ಹೋದೆ. ಜಗಲಿಯ ಹಗ್ಗದ ಮೇಲೆ ಜರಿ ಅಂಚಿನ ಬ್ಲೌಸುಗಳು ಸಾಲಾಗಿ ನೇತಾಡುತ್ತಿದ್ದವು. ಐದು ಹೊಲಿದಾಗಿತ್ತು, ಎರಡು ಮೆಷಿನ್ನಿನ ಪಕ್ಕ ಇದ್ದವು. ಬಟ್ಟೆ ಅಂಗಡಿಯವರು ಹೊಸ ಹಾಳೆಯನ್ನು ಮದುಮಗಳ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದರಂತೆ. ಮೂರು ಸಲಕ್ಕೂ ಆಗಲಿಲ್ಲ ಎಂಬಲ್ಲಿ ಆ ತಾಯಿ ನಕ್ಕು, ಅಲ್ಲಿಂದಲೇ ಆಟೋ ಹತ್ತಿದರಂತೆ. ಮೂರು ಮನೆಗಳಲ್ಲಿ ಒಂದು ಇನ್ನೂ ಬಂದಿರಲಿಲ್ಲ.

ಆಕೆ ನನ್ನ ಬ್ಲೌಸನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಪೊಟ್ಟಣದ ಮೇಲೆ ಎರಡು ಬಾಳೆಹಣ್ಣು ಇಟ್ಟರು.

"ಇಟ್ಕಳಿ ಮೇಡಂ. ಪಾಪ, ಕೈ ಸೋಲ್ತಿದೆ."

ಒಂದನ್ನು ಬಸ್ಸಿನಲ್ಲಿ ತಿಂದೆ. ಇನ್ನೊಂದನ್ನು ಹದಿನೇಳು ಮೆಟ್ಟಿಲು ಹತ್ತಿ ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟೆ. ಭದ್ರಾವತಿಯದು ಎಂದೆ. ಅವರು ಸಿಪ್ಪೆ ಸುಲಿದರು.